ಹಿರಿಯರ ನಳಿಗೆಯ ಕುದುರೆ

ಎಪ್ಪತ್ತರ ದಶಕದ ಪುಣೆಯಲ್ಲಿ ಮನೆಯವರೊಬ್ಬರು ಪರದೇಶದಲ್ಲಿದ್ದರೆ ನಮಗೆ ನೆಂಟರ ಸಂಖ್ಯೆ ತಾನಾಗಿ ಹೆಚ್ಚುತ್ತಿತ್ತು. ನನ್ನ ತಮ್ಮ ಇಂಗ್ಲೆಂಡಿನಲ್ಲಿದ್ದ. ಅವನು ಬರುತ್ತಾನೆಂದು ನಾವು ಬಾಡಿಗೆಗಿದ್ದ ವಾಡೆಯಲ್ಲಿ, ಅಂದರೆ ಹಳೆಯ ವಠಾರದಲ್ಲಿ, ಸುದ್ದಿಯಾದರೆ ಮಹಡಿಯವರಿಗೆ ನೈಲಾನ್ ಸೀರೆ, ಎದುರು ಮನೆಯವರಿಗೆ ಕ್ಯಾಮೆರಾ ರೀಲು ನೆನಪಾಗುತ್ತಿದ್ದವು. ನನಗೂ ಒಂದು ಮಿಕ್ಸರ್ ಮೇಲೆ ಕಣ್ಣಿತ್ತು, ಇಲ್ಲವೆನ್ನಲಾರೆ. ಆದರೆ ನಮ್ಮ ಮನೆಯಿಂದ ಹೋದ ಬೇಡಿಕೆ ಒಂದೇ: ಬಂದೂಕಿನ ಕುದುರೆ.

ಹಳೆಯ ಜೋಡುನಳಿಗೆ ಬಂದೂಕಿನ ಹಿಂಭಾಗದಲ್ಲಿ, ಒಂದೊಂದು ನಳಿಗೆಗೆ ಒಂದೊಂದರಂತೆ, ಗಿಳಿಯ ಕೊಕ್ಕಿನ ಹಾಗೆ ಬಾಗಿದ ಎರಡು ಕಬ್ಬಿಣದ ತುಂಡುಗಳಿರುತ್ತವೆ. ಟಪ್ಪೆಂದು ಬಡಿದು ಗುಂಡು ಹಾರಿಸುವುದು ಅವೇ. ಅವಕ್ಕೆ ನಮ್ಮಲ್ಲಿ ಕುದುರೆ ಎನ್ನುತ್ತಾರೆ.

ನಮ್ಮ ಬಂದೂಕು ಮಾವನವರ ಅಪ್ಪನದು. ವಿಜಾಪುರದ ಕಡೆಯಿಂದ ಪುಣೆಗೆ ಬಟ್ಟೆ ವ್ಯಾಪಾರಕ್ಕೆ ಬಂದು, ಇಂದಾಪುರದ ಹತ್ತಿರ ಕಬ್ಬಿನ ಹೊಲ ಕೊಂಡು, ಹಂದಿ ಓಡಿಸಲು ಲೈಸೆನ್ಸು ಮಾಡಿಸಿದ ಮನುಷ್ಯ. ಬಂದೂಕು ಇಂಗ್ಲಿಷ್ ಮಾಲು. ಹಂದಿಗಳು ಎಷ್ಟು ಹೆದರಿದವೋ ತಿಳಿಯದು, ಮನೆಯಲ್ಲಿ ಮಾತ್ರ ಒಂದು ಪದ್ಧತಿ ನಿಂತಿತು. ದಸರೆಯ ಖಂಡೇನವಮಿಯ ಬೆಳಿಗ್ಗೆ ಬಂದೂಕಿಗೆ ಪೂಜೆ. ಆಮೇಲೆ ಅದನ್ನು ಜಮಖಾನೆಯಲ್ಲಿ ಸುತ್ತಿ, ಸ್ವಾರಗೇಟಿನಿಂದ ಎಸ್.ಟಿ. ಬಸ್ಸು ಹಿಡಿದು ಹೊಲಕ್ಕೆ ಹೋಗಿ, ಆಕಾಶಕ್ಕೆ ಎರಡು ಗುಂಡು. ಒಂದು ದೇವರಿಗೆ, ಒಂದು ಹಿರಿಯರಿಗೆ. ನಳಿಗೆಗಳಿಗೂ ಅದೇ ಹೆಸರು. ಎಡ, ಬಲ ಎಂದು ಮನೆಯಲ್ಲಿ ಯಾರೂ ಅಂದದ್ದಿಲ್ಲ. ದೇವರ ನಳಿಗೆ, ಹಿರಿಯರ ನಳಿಗೆ, ಅಷ್ಟೆ.

ನಾನು ಸೊಸೆಯಾಗಿ ಬರುವ ಹೊತ್ತಿಗೆ ಹಿರಿಯರ ಕುದುರೆ ಮುರಿದಿತ್ತು. ಊರಿನ ಮಿಸ್ತ್ರಿಯೊಬ್ಬ ತಿಕ್ಕಿ ಕೂರಿಸಿದ್ದು ಒಂದೇ ಏಟಿಗೆ ಮತ್ತೆ ಮುರಿಯಿತಂತೆ. ಮಾವನವರು ದೇವರ ಗುಂಡು ಹಾರಿಸಿ, ಬಂದೂಕು ಇಳಿಸಿ, ಕಬ್ಬಿನ ಕಡೆ ನೋಡುತ್ತ ನಿಲ್ಲುತ್ತಿದ್ದರು. "ಅಪ್ಪಂದು ಈ ವರ್ಷಾನೂ ಉಳೀತು" ಎನ್ನುತ್ತಿದ್ದರು. ಹೊಸ ಸೊಸೆಯ ಜಾಣತನದಲ್ಲಿ ಒಮ್ಮೆ, "ಅದೇ ನಳಿಗೀಲೆ ಇನ್ನೊಂದ ಸಲ ಹೊಡದ್ರ ಆಗೂದಿಲ್ಲೇನ್ರಿ?" ಎಂದೆ.

"ದೇವರಿಗೆ ಬಡಿಸಿದ ಎಲಿಯೊಳಗ ಹಿರಿಯರಿಗೆ ಬಡಸ್ತಾರೇನವಾ?" ಎಂದರು.

ರಜೆಗೆ ಬಂದಿದ್ದ ತಮ್ಮನಿಗೆ ಇದೊಂದು ದೊಡ್ಡ ವಿಷಯವೇ ಅಲ್ಲ. "ಸಾಕ್ಸಿನ್ಯಾಗ ಇಟಗೊಂಡ ಬರ್ತೀನ್ರಿ, ಯಾರ ನೋಡ್ತಾರ?" ಎಂದ. ಮಾವನವರು ಒಪ್ಪಲಿಲ್ಲ. "ಅಪ್ಪನ ಸಾಮಾನು ಕಳ್ಳರಂಗ ಬರಬಾರದಪಾ. ಕೇಳೇ ತರೂಣು" ಎಂದರು. ಕೇಳುವ ಕೆಲಸ ನಮ್ಮ ಯಜಮಾನರ ಪಾಲಿಗೆ ಬಂತು. ಅವರು ಆಫೀಸಿನಲ್ಲಿ ಗುಮಾಸ್ತರು. ಅರ್ಜಿ ಬರೆಯುವುದೆಂದರೆ ಮದುವೆಗೆ ಹೊರಟವರಂತೆ ತಲೆ ಬಾಚಿಕೊಂಡು ಕೂಡುವ ಜಾತಿ. ಸ್ವಂತ ಉಪಯೋಗಕ್ಕೆ ಬಂದೂಕಿನ ಒಂದು ಬಿಡಿಭಾಗ ತರಿಸಲು ಸರಕಾರದ ಒಪ್ಪಿಗೆ ಬೇಕೆಂದು ಬರೆದರು. ಅರ್ಜಿ ಹೋದಾಗ ನಮ್ಮ ಮಗಳು ತೊದಲುತ್ತಿದ್ದಳು. ಒಪ್ಪಿಗೆ ಬಂದಾಗ ಶಾಲೆಯಲ್ಲಿ ಮರಾಠಿ ಕವಿತೆ ಒಪ್ಪಿಸುತ್ತಿದ್ದಳು. ಅಷ್ಟರಲ್ಲಿ ಎಂಬತ್ತರ ದಶಕ ಶುರುವಾಗಿತ್ತು, ಮಾವನವರಿಗೆ ಹೊಲದ ಬದು ದಾಟಲು ಕೈ ಆಸರೆ ಬೇಕಾಗಿತ್ತು.

ತಮ್ಮ ಮುಂಬಯಿಯಲ್ಲಿ ಇಳಿದ. ಮೊಳಕೈವರೆಗೆ ಗಡಿಯಾರ ಕಟ್ಟಿಕೊಂಡವರು ತೋಳು ಬೀಸುತ್ತ ಕಸ್ಟಮ್ಸ್ ದಾಟಿ ಹೊರಗೆ ನಡೆದರಂತೆ. ತಾನಾಗಿ ಹೋಗಿ ಕುದುರೆ ತೋರಿಸಿದ ಇವನನ್ನು ಮಾತ್ರ ಕೂಡಿಸಿಕೊಂಡರು. ಬಂದೂಕು ಎಲ್ಲಿದೆ ಎಂದು ಅಧಿಕಾರಿ ಕೇಳಿದರೆ ಇವನು, "ದೇವರ ಮನೆಯಲ್ಲಿ" ಎಂದನಂತೆ. ನಿಜ ಹೇಳುವವನು ಇಷ್ಟೊಂದು ನಿಜ ಹೇಳಬಾರದು. ಮತ್ತೆ ಅಷ್ಟು ಹೊತ್ತು ಕೂಡಿಸಿದರು.

ಅಂತೂ ಕುದುರೆ ಮನೆಗೆ ಬಂತು. ಎಣ್ಣೆಕಾಗದ ಬಿಚ್ಚಿದ ಮಾವನವರ ಮುಖ ಮಕ್ಕಳ ಮುಖದಂತಾಗಿತ್ತು. ಬಂದೂಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. ಕೂಡಲಿಲ್ಲ. ಅದು ಬಾಗಿದ್ದು ಆಚೆ ದಿಕ್ಕಿಗೆ. ಚೆನ್ನಾಗಿದ್ದ ದೇವರ ಕುದುರೆಗೆ ಅದು ಅವಳಿ.

ಆದದ್ದು ಇಷ್ಟು. ನಮ್ಮ ಯಜಮಾನರು ಆ ಬಂದೂಕನ್ನು ಒಮ್ಮೆಯೂ ಹೆಗಲಿಗೆ ಏರಿಸಿದವರಲ್ಲ, ನೋಡಿದ್ದೆಲ್ಲ ಪೂಜೆಯಲ್ಲಿ. ದೇವರ ಮುಖ ಭಕ್ತರ ಕಡೆ ಇರಬೇಕು, ಬಂದೂಕಿನ ಮುಖವೆಂದರೆ ಅದರ ಬಾಯಿ. ಆದ್ದರಿಂದ ಅದನ್ನು ಮಣೆಯ ಮೇಲೆ ಬಾಯಿ ನಮ್ಮ ಕಡೆ ಮಾಡಿ ಮಲಗಿಸುತ್ತಿದ್ದೆವು. ಬಂದೂಕಿನ ಬಾಯಿಗೆ ಎದುರಾಗಿ ಅಡ್ಡಬಿದ್ದು ಆಶೀರ್ವಾದ ಬೇಡಿದ ಮನೆತನ ನಮ್ಮದು. ಅಲ್ಲಿಂದ ನೋಡಿದರೆ ಮುರಿದದ್ದು ಬಲಗಡೆ. ಅರ್ಜಿಯಲ್ಲೂ ತಮ್ಮನಿಗೂ ಬಲ ಎಂದೇ ಬರೆದರು. ಹೆಗಲಿಗೆ ಏರಿಸಿದವನಿಗೆ ಅದು ಎಡ. ಎರಡು ದೇಶಗಳ ಅಧಿಕಾರಿಗಳು ಎಲ್ಲವನ್ನೂ ಪರೀಕ್ಷಿಸಿದರು, ನಮ್ಮ ಭಕ್ತಿಯನ್ನು ಪರೀಕ್ಷಿಸುವ ಇಲಾಖೆ ಎಲ್ಲೂ ಇರಲಿಲ್ಲ.

ಯಜಮಾನರು ನೆಲ ನೋಡುತ್ತ, "ಇನ್ನೊಮ್ಮೆ ಅರ್ಜಿ ಹಾಕ್ತೀನಿ" ಎಂದರು. ಮಾವನವರು ನಕ್ಕುಬಿಟ್ಟರು. "ಹಾಕಪಾ. ನಾ ಅಪ್ಪನ ಕಡೆ ಹೋಗಿ ಅಲ್ಲೇ ಕಾಯ್ತೀನಿ" ಎಂದರು. ನನಗೆ ನಗು ಬರಲಿಲ್ಲ.

ಆ ಖಂಡೇನವಮಿಗೆ ಹೊಲದಲ್ಲಿ ಅವರು ದೇವರ ನಳಿಗೆಗೆ ಗುಂಡು ತುಂಬಿ, ಆಕಾಶಕ್ಕೆ ಎತ್ತಿ, "ಅಪ್ಪಾ, ಇದು ನಿನಗ" ಎಂದು ಹಾರಿಸಿದರು. ಕಬ್ಬಿನೊಳಗಿಂದ ಗುಬ್ಬಿಗಳೆಲ್ಲ ಎದ್ದವು. ನಾನು ಬೆರಗಾಗಿ, "ಮತ್ತ ದೇವರಿಗ್ರಿ?" ಎಂದೆ.

"ಕಾಯಲಿ ಬಿಡವಾ. ಅಂವಗೇನು ವಯಸ್ಸಾಗ್ತದೇನು?"

ಮುಂದಿನ ಖಂಡೇನವಮಿಗೆ ಮಾವನವರು ಇರಲಿಲ್ಲ. ಯಜಮಾನರು ಮೊದಲ ಸಲ ಬಂದೂಕು ಹೆಗಲಿಗೆ ಏರಿಸಿದರು. ಏರಿಸಿ, ಎಡಗಡೆಯ ಮುರಿದ ಕುದುರೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಈ ಸಲ ಯಾರಿಗೆ?" ಎಂದರು.

ದೇವರು ಇನ್ನೂ ಕಾಯುತ್ತಿದ್ದಾನೆ.