ಲೈನಿಗೆ ಬಂದ ಪ್ಲೇಯರ್

ಟಿ.ವಿ. ಕೆಳಗಿನ ಸೀಡಿ ಪ್ಲೇಯರಿನ ವೈರನ್ನು ಅಜ್ಜಿ ಯಾಕೆ ಆಗಾಗ ಕೀಳಿಸುತ್ತಾಳೆ ಎಂದು ನೀವು ನಗುತ್ತೀರಿ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಬರೆದಿಡುತ್ತೇನೆ.

ಆ ಪ್ಲೇಯರಿನಲ್ಲಿ ನಾನು ಹಾಕಿ ನೋಡುವುದು ಒಂದೇ ಸೀಡಿ, ನಿಮ್ಮ ಸೋದರತ್ತೆಯ ಮದುವೆಯದು. ಅದರಲ್ಲಿ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಮದುಮಗಳನ್ನು ಕಾಡಿಸುತ್ತಾರೆ. ಅವಳು ಹೇಳಿದ ಮೇಲೆ ಯಾರೋ ನನ್ನನ್ನೂ ಹಿಡಿದು ನಿಲ್ಲಿಸಿದರು. ನನ್ನ ಮದುವೆಯಲ್ಲಿ ಅತ್ತು ತಪ್ಪಿಸಿಕೊಂಡವಳು, ಅವತ್ತು ಸೆರಗು ಬಾಯಿಗಿಟ್ಟುಕೊಂಡು ನಿಮ್ಮ ತಾತನ ಹೆಸರು ಹೇಳಿಬಿಟ್ಟೆ. ಹಿಂದೆ ನಿಂತಿದ್ದ ಅವರು "ಓ" ಎಂದು ಓಗೊಟ್ಟರು. ಅವರ ದನಿ ಎಂದು ಉಳಿದಿರುವುದು ಅಷ್ಟೇ.

ಹೋದ ವರ್ಷ ನಿಮ್ಮಮ್ಮ ಹಾನುಬಾಳಿನಿಂದ ಇಂಟರ್ನೆಟ್ ಹಾಕುವವನನ್ನು ಕರೆಸಿದಳು. ಅವನು ಗೋಡೆ ಕೊರೆದು, ಒಂದು ವೈರು ತಂದು ಪ್ಲೇಯರಿನ ಬೆನ್ನಿಗೆ ಸಿಕ್ಕಿಸಿದ. ಅದು ಇಂಟರ್ನೆಟ್ಟಿಗೂ ಸೇರುವ ಜಾತಿಯ ಪ್ಲೇಯರಂತೆ, ಇನ್ನು ಸೀಡಿ ಇಲ್ಲದೆಯೇ ಸಿನಿಮಾ ಬರುತ್ತದಂತೆ. ಎಲ್ಲಿಂದ ಬರುತ್ತದೆ ಎಂದು ಯಾರೂ ಹೇಳಲಿಲ್ಲ. ಬರುವ ದಾರಿಯಲ್ಲೇ ಇಲ್ಲಿಂದ ಹೋಗಲೂಬಹುದಲ್ಲ ಎಂದು ನನಗೆ ಅನುಮಾನ. ನನ್ನ ಸೀಡಿ ಒಳಗೇ ಇತ್ತು. ಪರದೆಯ ಮೇಲೆ ಏನೋ ಉದ್ದಕ್ಕೆ ಬಂತು. ನಿಮ್ಮಮ್ಮ ಓದದೆಯೇ ಒಪ್ಪಿಗೆ ಒತ್ತಿಬಿಟ್ಟಳು. ಏನು ಕೇಳಿತು ಎಂದೆ. ಎಲ್ಲ ಕಡೆಯೂ ಕೇಳುವುದೇ ಅತ್ತೆ ಎಂದಳು. ಒಪ್ಪಿದ್ದು ಏನನ್ನು ಎಂದು ಅವಳಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವನು ಕೈ ಒರೆಸಿಕೊಂಡು, "ಲೈನಿಗೆ ಬಂತು ಕಣಮ್ಮ, ಇನ್ನೇನು ಯೋಚ್ನೆ ಇಲ್ಲ" ಎಂದ.

ನನಗೆ ಗೊತ್ತಿದ್ದ ಲೈನ್ ಒಂದೇ, ಎಸ್ಟೇಟಿನ ಕೆಲಸದವರ ಸಾಲುಮನೆ. ಅಲ್ಲಿನ ಹೆಂಗಸರ ಜೊತೆ ಕಾಫಿ ಹಣ್ಣು ಕುಯ್ದವಳು ನಾನು. ಅವರ ಟಿ.ವಿ.ಗಳಲ್ಲೆಲ್ಲ ನಾನು ಸೆರಗು ಕಚ್ಚಿಕೊಂಡು ಹೆಸರು ಹೇಳುವುದು ಕಾಣಿಸಿದರೆ? ಬೆಳಗಾದರೆ ಗಿಡದ ಕೆಳಗೆ ಒಬ್ಬಳು ನನ್ನಂತೆ ನಾಚುತ್ತಾಳೆ, ಇನ್ನೊಬ್ಬಳು ನಿಮ್ಮ ತಾತನಂತೆ "ಓ" ಎನ್ನುತ್ತಾಳೆ. ನಿಮ್ಮಮ್ಮನೂ ಅವನೂ ಕಾಫಿ ಕುಡಿಯಲು ಜಗುಲಿಗೆ ಹೋದಾಗ ವೈರು ಕಿತ್ತೆ. ಸೀಡಿ ತೆಗೆದು ಅಕ್ಕಿ ಡಬ್ಬಿಯಲ್ಲಿ ಹುಗಿದೆ.

ಅವರು ಬಂದು ನೋಡಿದರೆ ಚಿತ್ರ ಇಲ್ಲ. ಅವನು ಹೊರಗಿನ ಕಂಬ ನೋಡಿ ಬರಲು ಹೋದ. ನಿಮ್ಮಮ್ಮನ ಕಣ್ಣು ಮೊದಲು ವೈರಿನ ಮೇಲೆ ಬಿತ್ತು, ಆಮೇಲೆ ನನ್ನ ಮೇಲೆ.

"ಲೈನಿನೋರು ನೋಡ್ಬುಡ್ತಾರೆ ಕಣೆ" ಎಂದೆ. ಸೀಡಿಯಲ್ಲಿ ಏನಿದೆ ಎಂದೂ ತಡೆದು ತಡೆದು ಹೇಳಿದೆ.

ಅವಳು ನಗುತ್ತಾ ನೆಲಕ್ಕೇ ಕೂತಳು. "ಆ ಲೈನಲ್ಲ ಅತ್ತೆ, ಇದು ನೆಟ್ಟಿಂದು. ಅವ್ರಿಗೇನು ನಿಮ್ಮ ಸೀಡಿ ನೋಡದು ಬಿಟ್ಟು ಬೇರೆ ಕೆಲ್ಸ ಇಲ್ವಾ?"

"ಹಂಗಾರೆ ಒಪ್ಪಿಗೆ ಯಾತಕ್ಕೆ ಕೇಳ್ತು?"

ಅವಳ ನಗು ನಿಂತಿತು.

ವೈರು ಮತ್ತೆ ಸೇರಿತು, ನಿಮ್ಮ ಸಿನಿಮಾಗಳೂ ಬಂದವು. ನಾನು ಸೀಡಿ ಹಾಕುವ ದಿನ ಮಾತ್ರ ನಿಮ್ಮಮ್ಮ ತಾನೇ ಬಗ್ಗಿ ವೈರು ತೆಗೆದು, ತುದಿಯನ್ನು ನನ್ನ ಕೈಗೆ ಕೊಡುತ್ತಾಳೆ. ನಿಮ್ಮ ತಾತ "ಓ" ಎನ್ನುವವರೆಗೂ ನಾನು ಅದನ್ನು ಬಿಡುವುದಿಲ್ಲ.