ಹನ್ನೆರಡು ಸುತ್ತಿನ ಕುಲಾಯಿ

ಬೆಳಗಿನ ಐದೂವರೆ. ರಾಯಚೂರಿನ ಜೈಲಿನಲ್ಲಿ ಹೆಂಗಸರ ವಾರ್ಡಿನ ಬೀಗ ತೆಗೆದ ಕೂಡಲೇ ಕಾವಲಿನ ಗೋಪಮ್ಮ ತಲೆ ಎಣಿಸುತ್ತಾರೆ: ಹೆಂಗಸರು ಒಂಬತ್ತು, ಮಕ್ಕಳು ಮೂರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಆರು ಬೇವಿನ ಕಡ್ಡಿ ಹಂಚುತ್ತಾರೆ. ತುದಿಯನ್ನು ಕೊಕ್ಕೆಯಂತೆ ಕೊರೆದು, ಗಾಜಿನ ಚೂರಿನಿಂದ ಅವರೇ ಹೆರೆದು ನುಣುಪು ಮಾಡಿದ ಕಡ್ಡಿಗಳು. ಕಬ್ಬಿಣದ ಕ್ರೋಶಾ ಸೂಜಿ ಒಳಗೆ ಬರುವಂತಿಲ್ಲ. ಸಂಜೆ ಒಂದು ಕಡ್ಡಿ ಕಡಿಮೆಯಾದರೂ ಗೋಪಮ್ಮನ ನೌಕರಿಗೆ ಕುತ್ತು.

ಜೈಲಿನಲ್ಲಿ ಮಕ್ಕಳೇಕೆ ಎಂದು ಕೇಳಬೇಡಿ. ತಾಯಿಗೆ ಶಿಕ್ಷೆಯಾದರೆ ಕೂಸು ಎಲ್ಲಿಗೆ ಹೋಗಬೇಕು, ಪಾಪ! ಆರು ವರ್ಷ ತುಂಬುವವರೆಗೆ ತಾಯಿಯ ಜೊತೆ ಇರಬಹುದು. ತುಂಬಿದ ಮೇಲೆ ಒಂದು ದಿನವೂ ಇಲ್ಲ.

"ಖಾಲಿ ಕುಂತು ಕುಂತು ತಲಿಕೆಟ್ಟು ತಾಯಂದ್ರು ಮಕ್ಕಳನ್ನ ಬಡೀತಿದ್ರುರೀ. ಮಕ್ಕಳು ಗ್ವಾಡಿ ನೋಡಕೋತ ಕುಂದರ್ತಿದ್ವು. ನನಗ ನೋಡಾಕ ಆಗಲಿಲ್ಲ. ಅದಕ ಇಬ್ಬರಿಗೂ ಕೂಡೇ ಒಂದು ಕೆಲಸ ಹಚ್ಚಿದೆ" ಎನ್ನುತ್ತಾರೆ ಗೋಪಮ್ಮ.

ಮಾನ್ವಿಯಲ್ಲಿ ಪಕ್ಕದ ಮನೆಯ ರಂಜಾನಬಿ ಟೋಪಿ ಹೆಣೆಯುವಾಗ ಕೂತು ಕಲಿತ ವಿದ್ಯೆ ಇದು. ೧೯೭೧ರಲ್ಲಿ ನೌಕರಿಗೆ ಸೇರಿದವರಿಗೆ ಈಗ ಹದಿಮೂರು ವರ್ಷದ ಸರ್ವೀಸು. ಗಂಡ ಸುಂಕಪ್ಪ ಹಾಸಿಗೆ ಹಿಡಿದು ಆರು ವರ್ಷವಾಯಿತು. ಮೂರಕ್ಕೆದ್ದು ಆತನ ಮೈ ಒರೆಸಿ, ರೊಟ್ಟಿ ಬಡಿದಿಟ್ಟು, ಮೂರು ಮೈಲಿ ನಡೆದು ಬರುತ್ತಾರೆ. ಸಂತೆಯ ಹಳೇ ಸ್ವೆಟರ್ ಬಿಚ್ಚಿದ ಉಣ್ಣೆಯೇ ಇಲ್ಲಿ ನೂಲು. ಮೊದಲ ವಾರ ಬರೀ ಸರಪಳಿ ಹೆಣಿಗೆ, ಆಮೇಲೆ ಅಂಗೈಯಗಲದ ಚೌಕ, ಅದು ಕೈಹಿಡಿದರೆ ಹನ್ನೆರಡು ಸುತ್ತಿನ ಕುಲಾಯಿ, ಕಿವಿ ಮುಚ್ಚುವ ಮಕ್ಕಳ ಟೋಪಿ. ತಾಯಿ ಒಂದು ಸುತ್ತು, ಮಗು ಒಂದು ಸುತ್ತು.

ದೇವದುರ್ಗದ ಕಡೆಯ ಬೂದೆಮ್ಮ, ಹೊಲದ ಜಗಳದ ಕೊಲೆಯಲ್ಲಿ ಏಳು ವರ್ಷ ಶಿಕ್ಷೆ ಬಿದ್ದವಳು. ಮಗಳು ಅಯ್ಯಮ್ಮನಿಗೆ ಶ್ರಾವಣದಲ್ಲಿ ಆರು ತುಂಬುವುದಿತ್ತು. "ಕುಲಾಯಿ ಮುಗಿಸಿ, ಹಾಕ್ಕೊಂಡು ಮಾಮನ ಮನಿಗಿ ಹೋಗಬೇ" ಎಂದು ಗೋಪಮ್ಮ ಹುರಿದುಂಬಿಸಿದರು. ಹುಡುಗಿ ಹಟ ಹಿಡಿದು ಕೂತಳು. ಆದರೆ ಸಂಜೆ ಎಂಟು ಸುತ್ತಿದ್ದದ್ದು ಬೆಳಗ್ಗೆ ಆರಾಗಿರುತ್ತಿತ್ತು. ಮತ್ತೆ ಎಂಟು, ಮತ್ತೆ ಆರು.

ಕೊನೆಯ ಕುಣಿಕೆ ಬಿಗಿ ಮಾಡದೆ ಬಿಟ್ಟರೆ ಕ್ರೋಶಾ ಹೆಣಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಹೊಸಬರೆಲ್ಲ ಮಾಡುವ ತಪ್ಪು. ಗೋಪಮ್ಮ ಅದೇ ಅಂದುಕೊಂಡು ಗದರಿದರು: "ಎಷ್ಟು ಸಲ ಹೇಳಬೇಕಲೇ ನಿನಗ? ಕೈಯಾಗ ಧ್ಯಾನಾನ ಇಲ್ಲ ನಿಂದು." ಹುಡುಗಿ ಅಳಲಿಲ್ಲ. ತನ್ನ ಬೆರಳುಗಳನ್ನೇ ನೋಡುತ್ತ, "ನನಗ ಬರಂಗಿಲ್ಲ ತಗೋ ಯವ್ವಾ" ಅಂದಳು. ಪಕ್ಕದಲ್ಲೇ ಇದ್ದ ತಾಯಿ ತಲೆ ತಗ್ಗಿಸಿ, ಬಿಚ್ಚಿದ ನೂಲನ್ನು ಉಂಡೆ ಸುತ್ತಿದಳು.

ದಿನ ಬಂತು. ಕುಲಾಯಿ ಮುಗಿದಿರಲಿಲ್ಲ, ಆದರೂ ಸೋದರಮಾವ ಬಂದು ಮಗುವನ್ನು ಕರೆದೊಯ್ದ. ಗೇಟು ಹಾಕಿದ ಮೇಲೆ ಬೂದೆಮ್ಮ ಗೋಪಮ್ಮನ ಕಾಲ ಬಳಿ ಕುಸಿದು ಹೇಳಿದಳು: "ನಾನೇ ಬಿಚ್ಚತಿದ್ದೆ ಯಕ್ಕಾ, ದಿನಾ, ಅಕಿ ಏಳೂದರೊಳಗ. ಮುಗುದ್ರ ಹೋಗ್ತಾಳಂತ. ಮುಗೀಲಿಲ್ಲಂದ್ರೂ ಹೋಗಾಕಿನೇ, ಗೊತ್ತಿತ್ತು. ಕೈ ಕೇಳಲಿಲ್ಲ."

ತಪ್ಪು ನಿನ್ನದಲ್ಲವೆಂದು ಹುಡುಗಿಗೆ ಹೇಳಲು ಗೋಪಮ್ಮ ಓಡಿ ಗೇಟಿಗೆ ಬಂದರೆ ರಸ್ತೆ ಖಾಲಿ. ದೇವದುರ್ಗಕ್ಕೆ ಹೋಗೋಣವೆಂದರೆ ಊರಿನ ಹೆಸರೇನೋ ಗೊತ್ತಿದೆ, ಆದರೆ ಹಾಸಿಗೆಯಲ್ಲಿರುವ ಗಂಡನನ್ನು ಒಂದು ರಾತ್ರಿ ನೋಡಿಕೊಳ್ಳುವವರಿಲ್ಲ. ಹುಡುಗಿಗೆ ಕಾಗದ ಬರೆದರೆ ಓದಲು ಬರುವುದಿಲ್ಲ. ಮಾವನಿಗೆ ಬರೆದದ್ದಕ್ಕೆ ಉತ್ತರ ಬರಲಿಲ್ಲ.

ತಮ್ಮ ಬಗ್ಗೆ ನಮ್ಮ ಪೇಪರಿನಲ್ಲಿ ಬರುತ್ತದೆಂದರೆ ಗೋಪಮ್ಮನಿಗೆ ಅಂಥ ಸಂಭ್ರಮವೇನಿಲ್ಲ. ಕೇಳುವುದು ಇಷ್ಟೇ:

"ನಿಮ್ಮ ಪೇಪರ್ ದೇವದುರ್ಗದ ಕಡಿ ಹೋಗ್ತದೇನ್ರಿ? ಹೋಗ್ತಿದ್ರ ನನ್ನ ಸುದ್ದಿ ಬಿಡ್ರಿ. ಆ ಕೂಸಿಗಿ ಹೆಣಿಯಾಕ ಭಾಳ ಚಲೋ ಬರ್ತಿತ್ತಂತ ಬರೀರಿ. ಯಾರರ ಓದಿ ಹೇಳ್ತಾರ."