ಕೈ ಎನ್ನದ ಮನೆ

ಕಡಲೆ ರಾಶಿ ಮಾಡುವ ದಿನ ನನ್ನ ತಮ್ಮನ ಬಲಗೈ ಕಾಳು ಒಕ್ಕುವ ರಾಶಿ ಮಷಿನ್ನಿಗೆ ಹೋಯಿತು. ಮಣಿಕಟ್ಟಿನ ತನಕ. ಒಳಗೆ ಸಿಕ್ಕಿಕೊಂಡ ಹೊಟ್ಟನ್ನು ಎಳೆಯಲು ಹೋಗಿದ್ದ. ಮಷಿನ್ ಬಂದ್ ಮಾಡಿ ಎಳೆಯುವಷ್ಟು ತಾಳ್ಮೆ ನಮ್ಮೂರಲ್ಲಿ ಯಾರಿಗೂ ಇಲ್ಲ, ಅವನಿಗೂ ಇರಲಿಲ್ಲ.

ಆಸ್ಪತ್ರೆಯಿಂದ ಅವನು ಬಂದ ಮೇಲೆ ನಮ್ಮ ಮನೆಯಲ್ಲಿ ಕೈ ಎಂಬ ಮಾತೇ ನಿಂತಿತು. ಹೀಗೆ ಮಾಡೋಣ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಊಟದ ಹೊತ್ತಿಗೆ "ಕೈ ತೊಳಕೋರಿ" ಎನ್ನುತ್ತಿದ್ದ ಅವ್ವ "ತಾಟ ಹಾಕೇನಿ" ಎನ್ನತೊಡಗಿದಳು. ದೇವರಿಗೆ ಕೈ ಮುಗಿದು ಬಾ ಎನ್ನುತ್ತಿದ್ದ ಅಪ್ಪ ಗುಡಿಗೆ ಹೋಗಿ ಬಾ ಎಂದಷ್ಟೇ ಹೇಳುತ್ತಿದ್ದ. ಕೈ ಬಿಟ್ಟು ಒಂದು ದಿನ ಕನ್ನಡ ಮಾತಾಡಿ ನೋಡಿ, ಎಂಥ ಫಜೀತಿ ಎಂದು ತಿಳಿಯುತ್ತದೆ. ಕೈಗಡ, ಕೈಗುಣ, ಕೈಬಿಗಿ, ಎಲ್ಲಿ ನೋಡಿದರೂ ಅದೇ. ತಮ್ಮನನ್ನು "ಕೈಲಾಗದವನ" ಎಂದು ಮಾತುಮಾತಿಗೆ ಬೈಯುತ್ತಿದ್ದ ನನಗಂತೂ ಬೈಗುಳವೇ ಸಾಲದಾಯಿತು. ಬೈಯದೆ ಅವನೊಡನೆ ಏನು ಮಾತಾಡಬೇಕೆಂದೂ ನನಗೆ ಗೊತ್ತಿರಲಿಲ್ಲ.

ಮೊದಲು ಅವನು ಸಂಜೆಯಾದರೆ ಗುಡಿಕಟ್ಟೆಯ ಮೇಲೆ ಗೆಳೆಯರ ನಡುವೆ ಮೊಬೈಲಿನಲ್ಲಿ ಗೇಮ್ ಆಡುತ್ತ ಕೂತಿರುತ್ತಿದ್ದ. ಎರಡೂ ಹೆಬ್ಬೆರಳು ತೆರೆಯ ಮೇಲೆ ಕುಣಿಯುತ್ತಿದ್ದವು. ಈಗ ಒಂದೇ ಹೆಬ್ಬೆರಳಿನಲ್ಲಿ ಆಡಲು ಹೋಗಿ, ಸೋತು, ಮೊಬೈಲನ್ನು ಗೋಡೆಗೆ ಒಗೆದ. ಗೆಳೆಯರು ಬಂದರೆ ಮುಸುಕು ಎಳೆದುಕೊಳ್ಳುತ್ತಿದ್ದ. ಕೆಲವು ದಿನ ಬಂದರು, ಆಮೇಲೆ ಅವರೂ ಬರಲಿಲ್ಲ.

ಮಷಿನ್ ಮಾಲಕರು ಕೊಟ್ಟುಹೋದ ರೊಕ್ಕ ಟ್ರಂಕಿನಲ್ಲಿ ಬಿದ್ದಿತ್ತು. ಅದನ್ನು ಮುಟ್ಟಲು ಯಾರಿಗೂ ಮನಸ್ಸಿರಲಿಲ್ಲ. ಒಂದು ದಿನ ಅಪ್ಪ ಅದರಲ್ಲಿ ಎಮ್ಮೆ ತರುವ ಮಾತು ತೆಗೆದಾಗ ತಮ್ಮ ಎದ್ದು ಕೂತ.

"ಅದು ನನ್ನ ರೊಕ್ಕ. ಗೇಮ್ ಆಡೂ ಕಂಪ್ಯೂಟರ್ ಮಾಡಸ್ತೀನಿ. ಅದರಾಗ ಏನ್ ಬರತೈತೋ ಅಷ್ಟ. ಮ್ಯಾಲ ಒಂದು ರೂಪಾಯಿ ಹಾಕಬ್ಯಾಡ್ರಿ," ಎಂದ.

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ರಾಶಿಯ ದಿನದಿಂದ ಈಚೆಗೆ ಅವನು ಏನಾದರೂ ಬೇಕು ಎಂದದ್ದೇ ಅದು ಮೊದಲ ಸಲ. ಇದೂ ಕೆಟ್ಟರೆ ಮತ್ತೆ ಗೋಡೆ ಕಡೆ ಮಾರಿ ಮಾಡಿ ಮಲಗುತ್ತಾನೆ, ಇನ್ನು ಏಳುವುದಿಲ್ಲ ಎಂದು ಹೆದರಿ ಬಾಯಿ ಮುಚ್ಚಿಕೊಂಡೆ.

ನಾನು ಕುಂದಗೋಳದಲ್ಲಿ ಸಣ್ಣ ಮಕ್ಕಳಿಗೆ ಕಲಿಸುವವಳು. ಕಂಪ್ಯೂಟರಿನ ಹೊಟ್ಟೆಯಲ್ಲಿ ಏನಿರುತ್ತದೆಂದು ನನಗೇನು ಗೊತ್ತು? ಅವನು ಮಲಗಿದಲ್ಲೇ, ಗೋಡೆಗೆ ಬಡಿದು ಗಾಜು ಸೀಳಿದ್ದ ಅದೇ ಮೊಬೈಲಿನಲ್ಲಿ ವಿಡಿಯೋ ನೋಡಿ ಎಲ್ಲ ಕಲಿತಿದ್ದ. ಒಂದು ಭಾನುವಾರ ಹುಬ್ಬಳ್ಳಿಯ ಅಂಗಡಿಯಲ್ಲಿ ನಾನು ನಿಂತೆ, ಫೋನಿನಲ್ಲಿ ಅವನು ಆರಿಸಿದ. ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿನದು ಸಾಕು. ರ‍್ಯಾಮ್ ಕಡಿಮೆ ಇರಲಿ, ಮುಂದೆ ನೋಡೋಣ. ಎಲ್ಲವನ್ನೂ ಕೂರಿಸುವ ಡಬ್ಬಿಗೆ ಬಣ್ಣದ ದೀಪ ಬೇಡ. ಮೌಸಿನ ಹತ್ತಿರ ಬಂದಾಗ ಅವನ ದನಿ ಸಣ್ಣದಾಯಿತು. ಬಾಜುವಿಗೆ ಬಟನ್ ಇರುವ ಒಳ್ಳೆಯ ಮೌಸುಗಳೆಲ್ಲ ಬಲಗಡೆಗೇ ಮಾಡಿದವು. ಕೊನೆಗೆ ಯಾವ ಕಡೆಗೂ ನಡೆಯುವ ಸಾದಾ ಮೌಸ್ ಒಂದನ್ನು ಒಪ್ಪಿಕೊಂಡ. ಎಡದಿಂದ ಅದನ್ನು ಹಿಡಿದು, ಬಲಗಡೆಯ ಮೊಂಡಿನಿಂದ ಒಂದೆರಡು ಕೀ ಒತ್ತುವುದು ಅವನ ಲೆಕ್ಕ.

ಅಂಗಡಿಯವರು ಒಳ್ಳೆಯವರೇ. "ಅಕ್ಕಾರ, ಎಲ್ಲಾದ್ರಾಗೂ ಉಳಸ್ರಿ, ಪವರ್ ಸಪ್ಲೈ ಒಳಗ ಮಾತ್ರ ಕೈ ಬಿಗಿ ಹಿಡಿಬ್ಯಾಡ್ರಿ. ನಿಮ್ಮ ಹಳ್ಳಿ ಕರೆಂಟಿಗೆ ಅಗ್ಗದ್ದು ನಡುವ ಕೈ ಕೊಡತೈತಿ," ಎಂದರು.

ಸ್ಪೀಕರ್ ಚಾಲೂ ಇತ್ತು. ಅದನ್ನು ಬಂದ್ ಮಾಡಲು ನಾನು ಬೆರಳು ಚಾಚಿದೆ. ಅಷ್ಟರಲ್ಲಿ ತಮ್ಮ, "ಬರೋಬ್ಬರಿ ಐತ್ರಿ. ಛಲೋದ ಹಾಕ್ರಿ," ಎಂದ.

ಪವರ್ ಸಪ್ಲೈ ಒಳ್ಳೆಯದಾಯಿತು, ಗ್ರಾಫಿಕ್ಸ್ ಕಾರ್ಡಿಗೆ ರೊಕ್ಕ ಸಾಲಲಿಲ್ಲ. ಅಂಗಡಿಯವರು ಯಾರೋ ಬಳಸಿ ಬಿಟ್ಟ ಹಳೆಯ ಕಾರ್ಡ್ ತೋರಿಸಿದರು. ಕಾರ್ಡ್ ತಣ್ಣಗಿಡೂ ಫ್ಯಾನ್ ಜರಾ ಆವಾಜ ಮಾಡತಾವ, ಬೇರೆ ತ್ರಾಸ ಇಲ್ಲ ಎಂದರು. "ಆವಾಜ ಏನ್ ಮಾಡತೈತಿ? ತಗೋ ಅಕ್ಕಾ," ಎಂದ ತಮ್ಮ. ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಜೋಡಿಸಿದ್ದು ಅವನೇ. ಹಲ್ಲಿನಿಂದ ಪೊಟ್ಟಣ ಹರಿಯುತ್ತಿದ್ದ, ನಾನು ಸ್ಕ್ರೂ ಹಿಡಿಯುತ್ತಿದ್ದೆ. ತಪ್ಪಾಗಿ ಹಿಡಿದರೆ ನನ್ನನ್ನೇ ಬೈದ. ಅವನು ಬೈಯುತ್ತಿದ್ದಾನಲ್ಲ ಎಂದು ನನಗೆ ಅಳು ಬರುವಷ್ಟು ಸಂತೋಷ. ಅವ್ವ ಡಬ್ಬಿಗೆ ವಿಭೂತಿ ಹಚ್ಚಿ, ಕಾಯಿ ಒಡೆದಳು. ತಮ್ಮ ಬಟನ್ ಒತ್ತಿದ.

ಹಳೆಯ ಕಾರ್ಡಿನ ಫ್ಯಾನ್‌ಗಳು ಒಮ್ಮೆಲೇ ಪೂರಾ ಜೋರಿನಲ್ಲಿ ತಿರುಗಿದವು. ಮೊದಲು ಗುರ್ ಎಂದು, ಆಮೇಲೆ ಏರುತ್ತ ಏರುತ್ತ, ಕೊನೆಗೆ ಒಂದೇ ಸಮ. ಹೊಲದಲ್ಲಿ ರಾಶಿ ಮಷಿನ್ ಚಾಲೂ ಆಗುವುದೂ ಹಾಗೆಯೇ. ತಮ್ಮ ಮೊಂಡನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಸರಿದ. "ಬಂದ್ ಮಾಡ್ರಿ! ಬಂದ್ ಮಾಡ್ರಿ!" ಎಂದು ಕಿರುಚಿದ. ಅಂದು ಹೊಲದಲ್ಲೂ ಅವನು ಕಿರುಚಿದ್ದು ಅದನ್ನೇ. ನಾನು ವಾಯರ್ ಕಿತ್ತೆ.

ಅಪ್ಪ ಬಾಗಿಲಲ್ಲಿ ನಿಂತು, "ಕೈಗೆ ಬಂದದ್ದು..." ಎಂದು ಗಾದೆ ಶುರು ಮಾಡಿ, ನುಂಗಿಕೊಂಡು ಹೊರಗೆ ಹೋದ. ಬಾಯಿಗೆ ಬರಲಿಲ್ಲ ಎನ್ನುವುದನ್ನು ನಾವು ಮನಸ್ಸಿನಲ್ಲೇ ಮುಗಿಸಿಕೊಂಡೆವು.

ಕಾರ್ಡ್ ಬದಲಿಸಲು ರೊಕ್ಕ ಇರಲಿಲ್ಲ, ನನ್ನ ಪಗಾರದಿಂದ ಹಾಕುತ್ತೇನೆಂದರೆ ಅವನು ಕೇಳಲಿಲ್ಲ. ನಾನು ಹೆದರಿದಂತೆಯೇ ಮತ್ತೆ ಗೋಡೆ ಕಡೆ ತಿರುಗಿ ಮಲಗಿದ. ಊಟ ಕೂಡ ಅಲ್ಲಿಗೇ ಒಯ್ಯಬೇಕಾಯಿತು. ಒಂದು ದಿನ ಶಾಲೆಯಿಂದ ಬಂದಾಗ ಮಾತ್ರ ಎದ್ದು ಕೂತಿದ್ದ. ಡಬ್ಬಿಯ ಬಾಜು ತೆರೆದಿತ್ತು. ಕಾರ್ಡಿನ ಫ್ಯಾನ್‌ಗಳ ವಾಯರ್ ಬಿಚ್ಚಿ ಹಾಕಿದ್ದ. ಈಗ ಸದ್ದಿಲ್ಲ, ಆದರೆ ಗಾಳಿಯೂ ಇಲ್ಲ. ಸ್ವಲ್ಪ ಆಡುವಷ್ಟರಲ್ಲಿ ಕಾರ್ಡ್ ಕಾದು ತೆರೆ ಕಪ್ಪಾಗುತ್ತಿತ್ತು. ಅದು ಆರುವ ತನಕ ಕೂತಿದ್ದು ಅವನು ಮತ್ತೆ ಹಚ್ಚುತ್ತಿದ್ದ.

ಇದನ್ನು ನೋಡಿ ನೋಡಿ ಅವ್ವ ಅಡುಗೆಮನೆಯಿಂದ ಮೊರ ತಂದಳು. ಮಷಿನ್ ಬರುವ ಮೊದಲು ಕಾಳು ಹಸನು ಮಾಡುತ್ತಿದ್ದ ಮೊರ. ತೆರೆದ ಡಬ್ಬಿಯ ಬದಿಗೆ ಕೂತು ಬೀಸತೊಡಗಿದಳು. ಆಟ ಮೊದಲಿಗಿಂತ ಹೆಚ್ಚು ಹೊತ್ತು ನಡೆಯಿತು. ತೆರೆಯ ಮೇಲೆ ಯಾರೋ ಓಡುತ್ತಿದ್ದರು, ತಮ್ಮನ ಕಣ್ಣು ಅಲ್ಲೇ ನೆಟ್ಟಿತ್ತು.

"ಸಾಕ ಬಿಡಬೇ, ಎಷ್ಟೊತ್ತು ಬೀಸ್ತಿ? ನೋಯ್ತಾವ," ಎಂದ.

"ನೋಯ್ಲಿ ತಗೋ. ನನಗರ ಎರಡೂ ಕೈ ಅದಾವಲ್ಲೋ," ಎಂದುಬಿಟ್ಟಳು ಅವ್ವ.

ಮೊರ ನಿಂತಿತು.

ತಮ್ಮ ತೆರೆಯಿಂದ ಮಾರಿ ತಿರುಗಿಸಲಿಲ್ಲ. "ಹಂಗಾದ್ರ ಕೈ ನಿಲ್ಲಸಬ್ಯಾಡ, ಬೀಸು," ಎಂದ. "ಕಾಯಾಕತ್ತೈತಿ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಬೀಸಿದಳು. ಅಷ್ಟರಲ್ಲಿ ತೆರೆ ಕಪ್ಪಾಗಿತ್ತು.